ಕಿಯಾಂತಿಯ ಎಲ್ಲೆ



ಇಟಲಿಯ ದ್ರಾಕ್ಷಾಮದ್ಯವೆಂದೊಡನೆ ಅನೇಕರಿಗೆ ನೆನಪಾಗುವುದು ಹುಲ್ಲಿನ ಹೊದಿಕೆಯ, ಹೊಟ್ಟೆ ಉಬ್ಬಿದ ಸೀಸೆ. ಅದರೊಳಗಿನ ಮದ್ಯದ ಹೆಸರು ಕಿಯಾಂತಿ; ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಗುಡ್ಡಗಾಡು ಅದರ ತವರು. ಸೀಸೆಯ ಬಿರಡೆಯನ್ನು ತೆಗೆಯುವುದು ಈ ಭಾಷಣದ ಉದ್ದೇಶವಲ್ಲ. ಅದರ ಮೇಲಣ ಹೆಸರಿನ ಚರಿತ್ರೆಯನ್ನು ಮಾತ್ರ ಅರಿಕೆಮಾಡುವೆನು.

1716ರಲ್ಲಿ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೆಯ ಕಾಸಿಮೊ ಒಂದು ಆಜ್ಞೆಯನ್ನು ಹೊರಡಿಸಿ, ಕಿಯಾಂತಿಯೂ ಸೇರಿದಂತೆ ನಾಲ್ಕು ಸೀಮೆಗಳ ಎಲ್ಲೆಯನ್ನು ಗೊತ್ತುಮಾಡಿದನು. ಹೆಸರಿಗೆ ಬೆಲೆ ಬಂದೆಡೆಗೆ ಕಳ್ಳಸರಕೂ ಬರುವುದು ಎಲ್ಲ ದೇಶದ ಪೇಟೆಗಳಲ್ಲಿಯೂ ಕಂಡದ್ದೇ ಅಷ್ಟೆ. ಆದರೆ ಎಲ್ಲೆಯು ಹುಟ್ಟಿದ ಊರನ್ನು ಹೇಳಬಲ್ಲುದು; ಗುಣವನ್ನು ಹೇಳಲಾರದು.

ಗುಣದ ವಿಚಾರಕ್ಕೆ ಕೈಯಿಟ್ಟವನು ಬ್ರೋಲಿಯೊ ದುರ್ಗದ ಒಡೆಯ ಬೆಟ್ಟಿನೊ ರಿಕಾಸೊಲಿ. ಕವೂರನು ತೀರಿಕೊಂಡ ಮೇಲೆ, 1861ರಲ್ಲಿ, ಇಟಲಿಯ ಪ್ರಧಾನಮಂತ್ರಿಯಾದವನು ಇವನೇ. ತನ್ನ ತೋಟದಲ್ಲಿ ಬಹುಕಾಲ ಪ್ರಯೋಗ ನಡೆಸಿ, 1872ರಲ್ಲಿ ಪೀಸಾ ನಗರದ ಪ್ರಾಧ್ಯಾಪಕನೊಬ್ಬನಿಗೆ ತಾನು ಕಂಡುಕೊಂಡುದನ್ನು ಬರೆದು ತಿಳಿಸಿದನು. ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿಯಿಂದ ಪರಿಮಳವೂ ಕಸುವೂ ಬರುವುವು. ಕನಾಯೋಲೊ ಅದರ ಒರಟುತನವನ್ನು ತಗ್ಗಿಸುವುದು. ಮಾಲ್ವಾಸಿಯ ಎಂಬ ಬಿಳಿಯ ಹಣ್ಣು ಮದ್ಯವನ್ನು ಹಗುರಮಾಡುವುದು. ಈ ಕಡೆಯದು ಬೇಗ ಕುಡಿದು ಮುಗಿಸತಕ್ಕ ಮದ್ಯಕ್ಕೆ ಮಾತ್ರ ಸಲ್ಲುವುದು, ವರ್ಷಗಟ್ಟಲೆ ಇಟ್ಟು ಹಳೆಯದು ಮಾಡತಕ್ಕದ್ದಕ್ಕೆ ಬೇಡ, ಎಂಬುದು ಅವನ ಮತ.

ಈ ಕಡೆಯ ಮಾತನ್ನೇ ಮುಂದಿನವರು ಮರೆತರು. 1932ರಲ್ಲಿ ಕಿಯಾಂತಿಯ ಎಲ್ಲೆ ಹಳೆಯ ಸೀಮೆಯನ್ನು ದಾಟಿ ಬಹುದೂರ ಹಬ್ಬಿತು. 1967ರ ಸರ್ಕಾರಿ ನಿಬಂಧನೆಯಂತೂ ಬಿಳಿಯ ಹಣ್ಣು ಶೇಕಡ 10ರಿಂದ 30ರ ವರೆಗೆ ಇರಲೇಬೇಕೆಂದು ವಿಧಿಸಿತು. ರಿಕಾಸೊಲಿಯು ಬೇಕಾದರೆ ಎಂದದ್ದನ್ನು ಕಾನೂನು ಬೇಕೇಬೇಕು ಎಂದಿತು. ಯಥೇಚ್ಛವಾಗಿ ಫಲಿಸುವ ತ್ರೆಬ್ಬಿಯಾನೊ ಎಂಬ ಸಪ್ಪೆಯ ಬಿಳಿಯ ದ್ರಾಕ್ಷಿಗೆ ಇದರಿಂದ ಒಳ್ಳೆಯ ಗಿರಾಕಿಯಾಯಿತು. ಕಿಯಾಂತಿಯ ಮಾನ ಹೋಯಿತು.

ಆಗ ಉತ್ತಮವಾದುದನ್ನು ಮಾಡಬಯಸಿದವನು ಹೆಸರನ್ನೇ ತೊರೆಯಬೇಕಾಯಿತು! ಶತಮಾನಗಳಿಂದ ಈ ಕಸುಬಿನಲ್ಲಿದ್ದ ಆಂಟಿನೋರಿ ಮನೆತನದವರು ತಮ್ಮ ತಿನ್ಯಾನೆಲ್ಲೊ ತೋಟದ ಮದ್ಯವನ್ನು 1971ರ ಬೆಳೆಯಿಂದ ಮೊದಲುಗೊಂಡು ಕಿಯಾಂತಿಯೆಂದು ಕರೆಯಲಿಲ್ಲ. 1975ರ ಬೆಳೆಯಲ್ಲಿ ಬಿಳಿಯ ಹಣ್ಣನ್ನು ಪೂರ್ತಿಯಾಗಿ ಕೈಬಿಟ್ಟರು. ಕಾನೂನಿನ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ದರ್ಜೆ, ಊಟದ ಮೇಜಿನ ಸಾಮಾನ್ಯ ಮದ್ಯ. ಬೆಲೆಯಲ್ಲಿಯೋ ಕಿಯಾಂತಿಯನ್ನು ಮೀರಿಸಿತು.

ಕಾನೂನು ನಿಧಾನವಾಗಿ ಹಿಂದೆಗೆಯಿತು. ಹಳೆಯ ನಡುಸೀಮೆಯು 1996ರಲ್ಲಿ ಕಿಯಾಂತಿ ಕ್ಲಾಸಿಕೊ ಎಂಬ ಹೆಸರಿನಿಂದ ತನ್ನದೇ ನಿಬಂಧನೆಯನ್ನು ಪಡೆಯಿತು. 2006ರಿಂದ ಅಲ್ಲಿ ಬಿಳಿಯ ಹಣ್ಣೇ ನಿಷಿದ್ಧ. ತಿನ್ಯಾನೆಲ್ಲೊವಿಗೆ ಈಗ ಬಾಗಿಲು ತೆರೆದಿದೆ. ಅದು ಮಾತ್ರ ಮರಳಿ ಆ ಹೆಸರಿನೊಳಗೆ ಬಂದಿಲ್ಲ.