ಚಲನಶಕ್ತಿ ಮತ್ತು ನಿರ್ದೇಶ ಚೌಕಟ್ಟು

ಚಲಿಸುತ್ತಿರುವ ವಸ್ತುವಿಗೆ ಆ ಚಲನೆಯ ಕಾರಣದಿಂದಲೇ ಇರುವ ಶಕ್ತಿ ಚಲನಶಕ್ತಿ. ಬೆಳಕಿನ ವೇಗದ ಮುಂದೆ ತೀರ ನಿಧಾನವೆನಿಸುವ ಚಲನೆಗಳಲ್ಲಿ, ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದರ ಬೆಲೆ ಸಿಗುತ್ತದೆ. ಅಳತೆಯ ಮಾನ ಜೂಲ್. ಆದರೆ ವೇಗವನ್ನು ಯಾವ ನೆಲೆಯಿಂದ ಅಳೆದದ್ದು ಎಂದು ಹೇಳದಿದ್ದರೆ ವೇಗಕ್ಕೂ ಅರ್ಥವಿಲ್ಲ, ಚಲನಶಕ್ತಿಗೂ ಇಲ್ಲ. ಅಳತೆಗೆ ಹೀಗೆ ಆಧಾರವಾಗಿ ಹಿಡಿದ ನೆಲೆಗೆ ನಿರ್ದೇಶ ಚೌಕಟ್ಟು ಎಂದು ಹೆಸರು. ಒಂದೇ ವಸ್ತುವಿಗೆ ಬೇರೆಬೇರೆ ಚೌಕಟ್ಟುಗಳಲ್ಲಿ ಬೇರೆಬೇರೆ ಚಲನಶಕ್ತಿ ಇರುತ್ತದೆ, ಮತ್ತು ಅವುಗಳಲ್ಲಿ ಯಾವುದೂ ಸುಳ್ಳಲ್ಲ.

ಕುಂಬಳೆಗೂ ಕಾಸರಗೋಡಿಗೂ ನಡುವೆ ಇರುವ ಮೊಗ್ರಾಲ್‌ನಲ್ಲಿ ಕಡಲು, ಹೊಳೆ, ರೈಲು ಹಳಿ, 66ನೇ ರಾಷ್ಟ್ರೀಯ ಹೆದ್ದಾರಿ ಎಲ್ಲವೂ ಹತ್ತಿರ ಹತ್ತಿರ. ಈ ಊರಿನ ಮೂಲಕ ಗಂಟೆಗೆ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಸಾಗುವ ರೈಲಿನಲ್ಲಿ 60 ಕಿಲೋ ತೂಗುವ ಒಬ್ಬ ಪ್ರಯಾಣಿಕ ಕುಳಿತಿದ್ದಾನೆ ಎನ್ನೋಣ. ಪಕ್ಕದ ಸೀಟಿನವನ ಲೆಕ್ಕದಲ್ಲಿ ಅವನ ಚಲನಶಕ್ತಿ ಸೊನ್ನೆ. ಹಳಿಯ ಬದಿಯಲ್ಲಿ ನಿಂತವನ ಲೆಕ್ಕದಲ್ಲಿ 18,750 ಜೂಲ್. ಅಷ್ಟೇ ವೇಗದಲ್ಲಿ ಎದುರಿನಿಂದ ಬರುವ ರೈಲಿನವನ ಲೆಕ್ಕದಲ್ಲಿ ವೇಗ ಇಮ್ಮಡಿ, ಶಕ್ತಿ ನಾಲ್ಮಡಿ: 75,000 ಜೂಲ್. ಆ ಪ್ರಯಾಣಿಕನ ಕೈಯಲ್ಲಿರುವ ಚಹಾ ಮಾತ್ರ ಮೂವರಿಗೂ ಅಷ್ಟೇ ಬಿಸಿ. ಉಷ್ಣಕ್ಕೆ ಕಾರಣ ಅಣುಗಳು ಒಂದಕ್ಕೊಂದು ಹೋಲಿಸಿದಂತೆ ನಡೆಸುವ ಅಡ್ಡಾದಿಡ್ಡಿ ಓಡಾಟ. ಇಡೀ ಲೋಟ ಒಟ್ಟಾಗಿ ಸಾಗಿದರೆ ಆ ಓಡಾಟ ಹೆಚ್ಚುವುದಿಲ್ಲ.

ಸೂತ್ರವನ್ನಷ್ಟೇ ಕಲಿತವರನ್ನು ನಿಜವಾಗಿ ಕಾಡುವ ಪ್ರಶ್ನೆ ಮುಂದಿನದು. ಮೊಗ್ರಾಲ್ ಕಾಲ್ಚೆಂಡಾಟಕ್ಕೆ ಹೆಸರಾದ ಊರು. ಅಲ್ಲಿಯ ಹುಡುಗನೊಬ್ಬ 440 ಗ್ರಾಂ ತೂಕದ ಚೆಂಡನ್ನು ಅದೇ ರೈಲಿನಲ್ಲಿ ಮುಂದಕ್ಕೆ, ಬೋಗಿಗೆ ಹೋಲಿಸಿದಂತೆ ಸೆಕೆಂಡಿಗೆ 10 ಮೀಟರ್ ವೇಗ ಬರುವಂತೆ ಎಸೆಯುತ್ತಾನೆ. ಬೋಗಿಯ ಒಳಗಿನ ಲೆಕ್ಕದಲ್ಲಿ ಚೆಂಡಿಗೆ ಬಂದ ಶಕ್ತಿ 22 ಜೂಲ್. ನೆಲದ ಮೇಲಿನಿಂದ ನೋಡಿದರೆ ಚೆಂಡಿನ ವೇಗ 25ರಿಂದ 35 ಮೀಟರಿಗೆ ಏರಿತು, ಶಕ್ತಿ 137.5ರಿಂದ 269.5 ಜೂಲ್ ಆಯಿತು. ಏರಿಕೆ 132 ಜೂಲ್. ಹುಡುಗನ ತೋಳು ಖರ್ಚು ಮಾಡಿದ್ದು ಒಂದೇ. ಉಳಿದ 110 ಜೂಲ್ ಎಲ್ಲಿಂದ ಬಂತು?

ಎಸೆತವನ್ನು ಹತ್ತಿರದಿಂದ ನೋಡಬೇಕು. ಕೈ ಚೆಂಡನ್ನು ಒಂದೇ ಸಮನಾಗಿ 22 ನ್ಯೂಟನ್ ಬಲದಿಂದ, ಬೋಗಿಯೊಳಗೆ 1 ಮೀಟರ್ ದೂರ ತಳ್ಳಿತು ಎಂದುಕೊಂಡರೆ ಅದಕ್ಕೆ ಹಿಡಿಯುವ ಹೊತ್ತು 0.2 ಸೆಕೆಂಡ್. ಅಷ್ಟರಲ್ಲಿ ರೈಲು 5 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ನೆಲದ ಲೆಕ್ಕದಲ್ಲಿ ಅದೇ ಬಲ 6 ಮೀಟರ್ ದೂರ ಕೆಲಸ ಮಾಡಿದೆ: 22 ಗುಣಿಸು 6, ಸರಿಯಾಗಿ 132. ಚೆಂಡನ್ನು ಮುಂದಕ್ಕೆ ತಳ್ಳುವ ಹುಡುಗನ ಪಾದ ಬೋಗಿಯ ನೆಲವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತುತ್ತದೆ. ಮುಂದಕ್ಕೆ 5 ಮೀಟರ್ ಸಾಗುವ ರೈಲಿನಿಂದ ಆ ಒತ್ತು 110 ಜೂಲ್ ಕಸಿದುಕೊಳ್ಳುತ್ತದೆ. ರೈಲಿನ ವೇಗ ಅಳತೆಗೆ ಸಿಗದಷ್ಟು ಕುಗ್ಗುತ್ತದೆ, ಅಥವಾ ಎಂಜಿನ್ ಅದನ್ನು ತುಂಬಿಕೊಡುತ್ತದೆ. ಸ್ನಾಯು ವ್ಯಯಿಸಿದ್ದು ಎರಡು ಚೌಕಟ್ಟುಗಳಲ್ಲೂ 22 ಜೂಲ್. ಬೇರೆಯಾದದ್ದು ರೈಲು ಚೆಂಡಿಗೆ ದಾಟಿಸಿದ ಪಾಲು. ಚೆಂಡೊಂದನ್ನೇ ನೋಡಿ ರೈಲನ್ನು ಮರೆತಾಗ ಮಾತ್ರ ಲೆಕ್ಕ ತಪ್ಪುತ್ತದೆ. ಶಕ್ತಿಯ ಪ್ರಮಾಣ ಚೌಕಟ್ಟಿನೊಂದಿಗೆ ಬದಲಾಗುತ್ತದೆ, ಶಕ್ತಿಸಂರಕ್ಷಣೆಯ ನಿಯಮ ಬದಲಾಗುವುದಿಲ್ಲ.

ಈ ಮಾತು ಸಲೀಸಾಗಿ ನಿಲ್ಲುವುದು ಜಡತ್ವ ಚೌಕಟ್ಟುಗಳಲ್ಲಿ, ಅಂದರೆ ವೇಗೋತ್ಕರ್ಷವಿಲ್ಲದೆ, ಒಂದಕ್ಕೊಂದು ಹೋಲಿಸಿದಂತೆ ನೇರವಾಗಿ, ಏಕವೇಗದಲ್ಲಿ ಸಾಗುವ ನೆಲೆಗಳಲ್ಲಿ. ಬ್ರೇಕ್ ಹಾಕುತ್ತಿರುವ ರೈಲನ್ನೇ ಆಧಾರವಾಗಿ ಹಿಡಿದರೆ ಚೌಕಟ್ಟಿನ ವೇಗ ಬದಲಾಗುವುದರಿಂದಷ್ಟೇ ಇರುವಂತೆ ತೋರುವ ಮಿಥ್ಯಾಬಲಗಳ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ.

ಮೊಗ್ರಾಲ್ ಹೊಳೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ಒಂದು ಘನ ಮೀಟರ್ ನೀರಿಗೆ ದಡದ ಲೆಕ್ಕದಲ್ಲಿ 500 ಜೂಲ್ ಚಲನಶಕ್ತಿ ಇದೆ. ಲಂಗರು ಹಾಕಿದ ದೋಣಿಗೆ ಚಕ್ರ ಕಟ್ಟಿದರೆ ಅದರ ಒಂದು ಪಾಲನ್ನು ಪಡೆಯಬಹುದು. ಲಂಗರು ಬಿಚ್ಚಿ ನೀರಿನ ಜೊತೆಗೇ ಅಳಿವೆಯ ಕಡೆಗೆ ತೇಲಿಹೋಗುವ ದೋಣಿಯಲ್ಲಿ ಆ ಚಕ್ರ ತಿರುಗುವುದೇ ಇಲ್ಲ. ಆ ದೋಣಿಗೆ ಸುತ್ತಲಿನ ನೀರು ನಿಂತ ನೀರು. ಹೊಳೆಯಿಂದ ಪಡೆಯುವ ಶಕ್ತಿಯೆಂದರೆ ಹೊಳೆಗೂ ದಡಕ್ಕೂ ನಡುವಿನ ವೇಗವ್ಯತ್ಯಾಸದ ಫಲ.

ಚಲನೆಯ ಈ ಸಾಪೇಕ್ಷತೆ ಭಾರತದಲ್ಲಿ ಬಹಳ ಹಿಂದೆಯೇ ಗಮನಕ್ಕೆ ಬಂದಿತ್ತು. ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದಲ್ಲಿ ಆರ್ಯಭಟ, ಮುಂದೆ ಸಾಗುವ ದೋಣಿಯವನಿಗೆ ದಡದ ವಸ್ತುಗಳು ಹಿಂದೆ ಹೋಗುವಂತೆ ಕಾಣುವುದನ್ನು ಹೇಳಿ, ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ತೋರುವುದನ್ನು ಅದರಿಂದ ವಿವರಿಸಿದ. ಗೆಲಿಲಿಯೊ 1632ರಲ್ಲಿ ಸಮವೇಗದಿಂದ ಸಾಗುವ ಹಡಗಿನ ಮುಚ್ಚಿದ ಕೋಣೆಯೊಳಗಿನ ಯಾವ ಪ್ರಯೋಗವೂ ಹಡಗಿನ ಚಲನೆಯನ್ನು ಬಯಲು ಮಾಡದು ಎಂದು ವಾದಿಸಿದ. ಇನ್ನು ಚಲನಶಕ್ತಿಯ ಲೆಕ್ಕದಲ್ಲಿ ವೇಗದ ವರ್ಗಕ್ಕೆ ಮಹತ್ವ ಕೊಟ್ಟವನು ಲೈಬ್ನಿಟ್ಸ್, 1686ರಲ್ಲಿ. ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಮೂಡಿದ ತಗ್ಗಿನ ಪ್ರಮಾಣ ವೇಗದ ವರ್ಗವನ್ನು ಅನುಸರಿಸುತ್ತದೆಂದು ತೋರಿಸಿದ. ಎಮಿಲಿ ದು ಶಾತ್ಲೆ 1740ರ ತನ್ನ ಗ್ರಂಥದಲ್ಲಿ ಲೈಬ್ನಿಟ್ಸನ ಪಕ್ಷವನ್ನು ಎತ್ತಿಹಿಡಿದಳು. ಸೂತ್ರದಲ್ಲಿ ಅರ್ಧ ಎಂಬ ಅಂಶ ನೆಲೆಗೊಳ್ಳಲು ಕೊರಿಯೊಲಿಸ್‌ನ 1829ರ ಕೃತಿ ನೆರವಾಯಿತು.

ಗುಂಡು ಮಾಡಿದ ತಗ್ಗಿನ ಆಳ ನೋಡುವವನನ್ನು ಅವಲಂಬಿಸಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಹಾನಿ, ಉಷ್ಣ, ಮುರಿತ ಇವೆಲ್ಲ ಡಿಕ್ಕಿಯಾದ ವಸ್ತುಗಳ ಪರಸ್ಪರ ವೇಗದ ಫಲ. ಹೆದ್ದಾರಿಯಲ್ಲಿ ತಲಾ 1,000 ಕಿಲೋ ತೂಗುವ ಎರಡು ಕಾರುಗಳು ಸೆಕೆಂಡಿಗೆ 20 ಮತ್ತು 15 ಮೀಟರ್ ವೇಗದಲ್ಲಿ ಮುಖಾಮುಖಿ ಡಿಕ್ಕಿಯಾಗಿ ಅಂಟಿಕೊಂಡವು ಎನ್ನಿ. ರಸ್ತೆಯ ಲೆಕ್ಕದಲ್ಲಿ ಮೊದಲು ಒಟ್ಟು 3,12,500 ಜೂಲ್, ಆಮೇಲೆ 6,250. ಎರಡನೆಯ ಕಾರಿನ ಮೊದಲಿನ ವೇಗದಲ್ಲೇ ಸಾಗುತ್ತಿರುವವನ ಲೆಕ್ಕದಲ್ಲಿ ಮೊದಲು 6,12,500, ಆಮೇಲೆ 3,06,250. ಎರಡರಲ್ಲೂ ಕಳೆದುಹೋದದ್ದು 3,06,250 ಜೂಲ್. ತಗಡನ್ನು ಮುದ್ದೆ ಮಾಡಿದ್ದು ಅದೇ. ಅದೇ ಎರಡು ಕಾರುಗಳು ಒಂದೇ ದಿಕ್ಕಿಗೆ ಹೋಗುತ್ತ, ಹಿಂದಿನದು ಮುಂದಿನದಕ್ಕೆ ಬಡಿದು ಅಂಟಿಕೊಂಡರೆ ನಷ್ಟ 6,250 ಜೂಲ್ ಮಾತ್ರ, ನಲವತ್ತೊಂಬತ್ತನೇ ಒಂದು ಪಾಲು. ಹೆದ್ದಾರಿಯ ನಡುವೆ ವಿಭಜಕ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಸಿಗಲಾರದು.

ಒಂದು ವ್ಯೂಹದ ಒಟ್ಟು ಚಲನಶಕ್ತಿಯನ್ನು ಹೀಗೆ ಎರಡಾಗಿ ಬಿಡಿಸಬಹುದು: ಇಡೀ ವ್ಯೂಹ ತನ್ನ ದ್ರವ್ಯರಾಶಿ ಕೇಂದ್ರದೊಡನೆ ಸಾಗುವುದರಿಂದ ಬರುವ ಭಾಗ, ಆ ಕೇಂದ್ರಕ್ಕೆ ಹೋಲಿಸಿದಂತೆ ಅದರ ಅಂಗಗಳು ಚಲಿಸುವುದರಿಂದ ಬರುವ ಭಾಗ. ಮೊದಲನೆಯದು ಚೌಕಟ್ಟಿನೊಂದಿಗೆ ಬದಲಾಗುತ್ತದೆ, ಎರಡನೆಯದು ಬದಲಾಗದು. ಡಿಕ್ಕಿಯಲ್ಲಿ ಉಷ್ಣವಾಗಿಯೋ ಬೇರೆ ರೂಪದಲ್ಲಿಯೋ ಬಳಕೆಗೆ ಸಿಗುವುದು ಎರಡನೆಯ ಭಾಗವೊಂದೇ.

ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತದಲ್ಲಿ ಚಲನಶಕ್ತಿಯ ಸೂತ್ರ ಬೇರೆ, ಆದರೆ ಅದು ಚೌಕಟ್ಟನ್ನು ಅವಲಂಬಿಸುವುದು ಅಲ್ಲೂ ತಪ್ಪದು. ಕಣ ವೇಗವರ್ಧಕಗಳ ರಚನೆಯನ್ನೇ ಇದು ನಿರ್ಧರಿಸಿದೆ. ಜಿನೀವಾ ಬಳಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರಿನಲ್ಲಿ 2015ರಿಂದ ತಲಾ 6.5 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನುಗಳನ್ನು ಎದುರುಬದುರಾಗಿ ಡಿಕ್ಕಿ ಹೊಡೆಸಲಾಯಿತು. ದ್ರವ್ಯರಾಶಿ ಕೇಂದ್ರದ ಚೌಕಟ್ಟಿನಲ್ಲಿ ದೊರೆತ ಶಕ್ತಿ 13 ಲಕ್ಷ ಕೋಟಿ. ಅಂಥದೇ ಒಂದು ಪ್ರೋಟಾನನ್ನು ನಿಂತಿರುವ ಇನ್ನೊಂದು ಪ್ರೋಟಾನಿಗೆ ಬಡಿದರೆ ಆ ಚೌಕಟ್ಟಿನಲ್ಲಿ ಸಿಗುವುದು ಸುಮಾರು 0.11 ಲಕ್ಷ ಕೋಟಿ ಮಾತ್ರ.