ಕರುಳಿನ ಉರಿಯೂತ: ಅಪರೂಪದ ಸೋಂಕುಗಳ ಬಗ್ಗೆ ತಿಳಿದಿರಬೇಕಾದುದು

ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಹಾಗೂ ಜೀರ್ಣಾಂಗದ ಯಾವ ಭಾಗವನ್ನಾದರೂ ಬಾಧಿಸಬಲ್ಲ ಕ್ರೋನ್ಸ್ ಕಾಯಿಲೆ ದೀರ್ಘಕಾಲ ಕಾಡುವ ಉರಿಯೂತಗಳು. ಪ್ರೆಡ್ನಿಸೋಲೋನ್, ಅಜಥಿಯೋಪ್ರಿನ್, ಇನ್‌ಫ್ಲಿಕ್ಸಿಮಾಬ್ ಮುಂತಾದ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಇವನ್ನು ಹತೋಟಿಗೆ ತರುತ್ತವೆ. ಆದರೆ ಅದೇ ಕಾರಣದಿಂದ, ದೇಹದಲ್ಲಿ ಅಡಗಿರುವ ಅಥವಾ ಮಣ್ಣುನೀರಿನಿಂದ ಬರುವ ರೋಗಾಣುಗಳು ತಲೆಯೆತ್ತಬಹುದು.

ಕ್ಷಯ: ಕರುಳಿನ ಕ್ಷಯಕ್ಕೂ ಕ್ರೋನ್ಸ್ ಕಾಯಿಲೆಗೂ ಲಕ್ಷಣಗಳಲ್ಲಿ ಬಹಳ ಹೋಲಿಕೆಯಿದೆ. ಕ್ಷಯವನ್ನು ಕ್ರೋನ್ಸ್ ಎಂದು ಭಾವಿಸಿ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಇನ್‌ಫ್ಲಿಕ್ಸಿಮಾಬ್ ಪಡೆದವರಲ್ಲಿ ಸುಪ್ತ ಕ್ಷಯ ಉಲ್ಬಣಿಸಿದ 70 ಪ್ರಕರಣಗಳು 2001ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದ್ದವು.

ಸ್ಟ್ರಾಂಜಿಲಾಯ್ಡಿಸ್: ಬರಿಗಾಲಿನ ಚರ್ಮದ ಮೂಲಕ ಮಣ್ಣಿನಿಂದ ಒಳಸೇರುವ ಹುಳು. ದಶಕಗಳ ಕಾಲ ಸದ್ದಿಲ್ಲದೆ ಕರುಳಿನಲ್ಲಿ ಉಳಿಯಬಲ್ಲದು. ಸ್ಟೀರಾಯ್ಡ್ ಆರಂಭವಾದಾಗ ಇದರ ಮರಿಗಳು ಅಪಾರವಾಗಿ ಹೆಚ್ಚಿ ದೇಹವಿಡೀ ಹರಡಿ ಪ್ರಾಣಾಪಾಯ ತರಬಹುದು. ಒಂದು ಬಾರಿಯ ಮಲಪರೀಕ್ಷೆಯಲ್ಲಿ ಕಾಣದಿರುವುದೂ ಉಂಟು, ರಕ್ತಪರೀಕ್ಷೆ ನೆರವಾಗುತ್ತದೆ. ಐವರ್ಮೆಕ್ಟಿನ್ ಇದಕ್ಕೆ ಔಷಧ.

ಮೆಲಿಯೋಯಿಡೋಸಿಸ್: ಮಣ್ಣು ಮತ್ತು ಕೆಸರುನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಕರಾವಳಿ ಕರ್ನಾಟಕದಲ್ಲೂ ಕೇರಳದಲ್ಲೂ ಕಂಡುಬಂದಿದೆ. ಮಳೆಗಾಲದಲ್ಲಿ ಹೆಚ್ಚು. ಮಧುಮೇಹಿಗಳಿಗೂ ನಿರೋಧಕ ಶಕ್ತಿ ಕುಂದಿದವರಿಗೂ ಅಪಾಯ ಅಧಿಕ. ಜ್ವರ, ನ್ಯುಮೋನಿಯಾ, ಯಕೃತ್ತು ಅಥವಾ ಗುಲ್ಮದಲ್ಲಿ ಕೀವು ಕಾಣಿಸಬಹುದು. ಕ್ಷಯವೆಂದು ತಪ್ಪಾಗಿ ಭಾವಿಸುವ ಸಂಭವವೂ ಇದೆ. ರಕ್ತ ಅಥವಾ ಕೀವಿನ ಕಲ್ಚರ್ ಪರೀಕ್ಷೆಯಿಂದ ಖಚಿತಪಡಿಸಬೇಕು. ರಕ್ತನಾಳದ ಮೂಲಕ ಕನಿಷ್ಠ 10ರಿಂದ 14 ದಿನ, ಬಳಿಕ ಬಾಯಿಯ ಮೂಲಕ ಸುಮಾರು 3 ತಿಂಗಳು ಆ್ಯಂಟಿಬಯೋಟಿಕ್ ಬೇಕಾಗುತ್ತದೆ.

ಕಾಸರಗೋಡಿನ ಅಡಿಕೆ ತೋಟ, ಗದ್ದೆ, ತೋಡುಗಳಲ್ಲಿ ದುಡಿಯುವವರು ಈ ಔಷಧ ಸೇವಿಸುತ್ತಿದ್ದರೆ ಗಂಬೂಟು, ಕೈಗವಸು ಧರಿಸಬೇಕು, ಗಾಯವಿದ್ದಾಗ ಕೆಸರಿಗಿಳಿಯಬಾರದು. ತಮ್ಮ ಕೆಲಸ, ಮನೆಯವರ ಕ್ಷಯದ ಇತಿಹಾಸ, ಮಧುಮೇಹವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಜೈವಿಕ ಔಷಧಕ್ಕೆ ಮುನ್ನ ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಅಗತ್ಯ.

ಚಿಕಿತ್ಸೆಗಾಗಿ ಮಂಗಳೂರನ್ನೋ ಪರಿಯಾರವನ್ನೋ ಆಶ್ರಯಿಸುವ ಗಡಿನಾಡಿನವರು, ಸೇವಿಸುವ ಔಷಧಗಳ ಹೆಸರು ಮತ್ತು ಪ್ರಮಾಣ ಬರೆದ ಚೀಟಿಯನ್ನು ಸದಾ ಜೊತೆಗಿರಿಸಿಕೊಳ್ಳುವುದು ಒಳಿತು. ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೆ ಅದೊಂದೇ ದಾರಿ ತೋರಬಹುದು. ಜ್ವರ ಬಂದರೆ ಸಾಮಾನ್ಯ ಜ್ವರವೆಂದು ಕಾಯದೆ ವೈದ್ಯರನ್ನು ಕಾಣಬೇಕು. ಸೋಂಕಿನ ಭಯದಿಂದ ಸ್ಟೀರಾಯ್ಡನ್ನು ತಾವಾಗಿಯೇ ಹಠಾತ್ತನೆ ನಿಲ್ಲಿಸುವುದೂ ಅಪಾಯಕಾರಿ.