ಕಾಳಿಯ ಕಲ್ಲು, ಮಂದೆಯ ನಾಯಿ

ತಕ್ಕೋಲದ ಕದನದಲ್ಲಿ ಮೆರೆದ ಮಣಲೆರ, ಮೆಚ್ಚಿದ ಗಂಗ ದೊರೆ ಇಮ್ಮಡಿ ಬೂತುಗನಲ್ಲಿ ಬೇಡಿದ್ದು ಒಂದು ನಾಯಿಯನ್ನು. ಅದೇ ಕಾಳಿ. ಹಂದಿಯೊಡನೆ ಸೆಣಸಿ ಸತ್ತ ಅದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರಲ್ಲಿ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದೂ ಶಾಸನ ಎಚ್ಚರಿಸುತ್ತದೆ.

ಕಾಳಿ ಬೇಟೆನಾಯಿ. ಕುರಿ ಕಾಯುವ ನಾಯಿಯ ಕೆಲಸವೇ ಬೇರೆ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿದ ರಾತ್ರಿ ತೋಳದ ಸುಳಿವು ಸಿಕ್ಕರೆ ಅದು ಬಹುದೂರ ಬೆನ್ನಟ್ಟಬಾರದು. ಬೊಗಳಿ ಕುರುಬನನ್ನು ಎಬ್ಬಿಸಬೇಕು. ಇಲ್ಲವಾದರೆ ಇನ್ನೊಂದು ತೋಳ ಹಿಂದಿನಿಂದ ಮರಿ ಎತ್ತೀತು. ಇಂಥ ನಾಯಿಗೆ ಮರ್ಯಾದೆ ದೊರೆತದ್ದು ಮೈಲಾರಲಿಂಗನ ಬಳಿ. ಕುರುಬರ ಈ ದೇವರ ಸಂಗಡ ನಾಯಿಯಿದೆ. ಅವನ ಗೊರವರು ತಾವೇ ನಾಯಿಗಳಾಗಿ ಬೊಗಳುತ್ತಾರೆ, ದೋಣಿಯ ಹಾಲಿಗೆ ಬಾಯಿ ಹಾಕುತ್ತಾರೆ.